ಕ್ಯಾಂಪು ಎಂಬ ಕಾಯಂ ವಿಳಾಸ

ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ 'ಕ್ಯಾಂಪು' ಎಂಬ ಮಾತು ಹೊಸದಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದ ರೈತರು ಈ ಕಡೆಗೆ ಬಂದರು. ಜೋಳ ಬೆಳೆಯುತ್ತಿದ್ದ ಎರೆಹೊಲಗಳನ್ನು ಕೊಂಡೋ ಲಾವಣಿಗೆ ಹಿಡಿದೋ ಭತ್ತದ ಗದ್ದೆ ಮಾಡಿದರು. ಗದ್ದೆಯ ಮಗ್ಗುಲಲ್ಲಿ ಅವರು ಹಾಕಿಕೊಂಡ ಮನೆಗಳ ಗುಂಪನ್ನು ಜನ ಕ್ಯಾಂಪು ಎಂದು ಕರೆದರು. ಇಂಗ್ಲಿಷಿನಲ್ಲಿ ಆ ಪದಕ್ಕೆ ನಾಲ್ಕು ದಿನ ಡೇರೆ ಹಾಕಿ ಇಳಿದುಕೊಳ್ಳುವ ಜಾಗ ಎಂದರ್ಥ. ನಮ್ಮಲ್ಲಿ ಅದು ಊರಿನ ಹೆಸರಿಗೇ ಅಂಟಿಕೊಂಡು ಕಾಯಂ ಆಯಿತು.

ಸುರಪುರದಿಂದ ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು ಸಿಗುತ್ತದೆ. ಅಲ್ಲಿ ಇನ್ನೊಂದು ಬಗೆಯ ಕ್ಯಾಂಪುಗಳಿವೆ. ಅವುಗಳ ಹೆಸರು ಆರ್.ಎಚ್. ಕ್ಯಾಂಪು ಒಂದು, ಎರಡು, ಮೂರು ಎಂದು ಅಂಕಿಯಲ್ಲಿ ಸಾಗುತ್ತದೆ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ. ಇಲ್ಲಿಯವರು ಆಂಧ್ರದಿಂದ ಬಂದವರಲ್ಲ, ಇಂದಿನ ಬಾಂಗ್ಲಾದೇಶದಿಂದ ಜೀವ ಉಳಿಸಿಕೊಳ್ಳಲು ಬಂದವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ಬಂದು ಅರ್ಧ ಶತಮಾನ ಕಳೆದರೂ ವಿಳಾಸದಲ್ಲಿ 'ಕ್ಯಾಂಪು' ಉಳಿದಿದೆ. ಕೆಲವರ ಪಾಲಿಗೆ ಕಾಗದದಲ್ಲಿಯೂ ಅದು ಕ್ಯಾಂಪೇ. ಅವರು ಈ ದೇಶದ ಪೌರರು ಹೌದೋ ಅಲ್ಲವೋ ಎಂಬುದು ತೀರ್ಮಾನವಾಗಿಲ್ಲ.

ಗಲಭೆಗೋ ಯುದ್ಧಕ್ಕೋ ಹೆದರಿ ಬಂದವನನ್ನು 'ಸದ್ಯಕ್ಕೆ ಇರು' ಎಂದು ಒಳಗೆ ಬಿಟ್ಟುಕೊಳ್ಳುವುದು ಸುಲಭ. ಆ 'ಸದ್ಯ' ಮುಗಿದಾಗ ಏನು? ಅವನು ಎಲ್ಲಿಗೆ ಹೋಗಬೇಕು, ಕಾನೂನು ಅವನಿಗೆ ಯಾವ ದಾರಿ ತೋರಿಸುತ್ತದೆ? ಇಂದು ಯುರೋಪು, ಅಮೆರಿಕಗಳನ್ನು ಕಾಡುತ್ತಿರುವ ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಹಲವು ಉತ್ತರಗಳು ಸಿಗುತ್ತವೆ.

ಗುಳೆ ಬೇರೆ, ನಿರಾಶ್ರಿತ ಬೇರೆ

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಮಳೆ ಕೈಕೊಟ್ಟ ವರ್ಷ ಈ ಮೂರು ತಾಲ್ಲೂಕುಗಳಿಂದ ಬೆಂಗಳೂರು, ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವುದು ಗುಳೆ. ಗುಳೆ ಹೋದವರು ಮನೆಗೆ ಬೀಗ ಹಾಕಿ ಹೋಗುತ್ತಾರೆ, ಹಬ್ಬಕ್ಕೋ ಜಾತ್ರೆಗೋ ಬಂದು ಬೀಗ ತೆಗೆಯುತ್ತಾರೆ. ನಿರಾಶ್ರಿತನಿಗೆ ಆ ಬೀಗದ ಕೈ ಉಪಯೋಗಕ್ಕೆ ಬರುವುದಿಲ್ಲ.

1951ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವೆನೆಂಬ ಸಕಾರಣ ಭೀತಿಯಿಂದ ಸ್ವದೇಶದ ಹೊರಗಿರುವವನು ನಿರಾಶ್ರಿತ. ಅಂಥವನನ್ನು ಅಪಾಯವಿರುವ ನೆಲಕ್ಕೆ ಮರಳಿ ತಳ್ಳಬಾರದು ಎಂಬುದು ಆ ಒಪ್ಪಂದದ ತಿರುಳು. ಭಾರತ ಈ ಒಪ್ಪಂದಕ್ಕಾಗಲೀ 1967ರ ಅದರ ಪೂರಕ ಒಪ್ಪಂದಕ್ಕಾಗಲೀ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಕಾನೂನಿನ ಕಣ್ಣಿಗೆ ಅವರು 'ವಿದೇಶಿಯರು'. ಹಾಗಾಗಿ ಟಿಬೆಟ್ಟಿನವರಿಗೆ ಒಂದು ನಿಯಮ, ಶ್ರೀಲಂಕಾದವರಿಗೆ ಮತ್ತೊಂದು, ಅಫ್ಘನ್ನರಿಗೆ ಮಗದೊಂದು ಎಂಬಂತೆ, ಆಯಾ ಕಾಲದ ಸರ್ಕಾರದ ಆದೇಶಗಳ ಮೇಲೆ ಅವರ ಬದುಕು ನಿಂತಿದೆ. ಆದೇಶ ಕರುಣೆಯಿಂದ ಕೂಡಿರಬಹುದು, ಆದರೆ ಅದು ಹಕ್ಕಲ್ಲ.

ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಇಂಥವರ ಮುಂದೆ ಮೂರು ಶಾಶ್ವತ ದಾರಿಗಳನ್ನು ಗುರುತಿಸುತ್ತದೆ. ಸ್ವ ಇಚ್ಛೆಯಿಂದ ಸ್ವದೇಶಕ್ಕೆ ಮರಳುವುದು ಒಂದು. ಆಶ್ರಯ ಕೊಟ್ಟ ನಾಡಿನಲ್ಲಿಯೇ ಬೆರೆತು ಪೌರರಾಗುವುದು ಎರಡನೆಯದು. ಮೂರನೆಯ ದೇಶವೊಂದಕ್ಕೆ ಹೋಗಿ ನೆಲೆಸುವುದು ಮೂರನೆಯದು. ಯಾವ ದಾರಿಯೂ ತೆರೆಯದಿದ್ದಾಗ ಉಳಿಯುವುದು ನಾಲ್ಕನೆಯದು: ಅವಧಿ ಮುಗಿಯುತ್ತ ಬಂದಂತೆ ಮತ್ತೆ ಅರ್ಜಿ, ಮತ್ತೆ ಮೊಹರು. ಅದನ್ನು ದಾರಿ ಎನ್ನುವುದಕ್ಕಿಂತ ದಾರಿಯ ಬದಿಯಲ್ಲಿ ಕಾಯುವುದು ಎನ್ನುವುದೇ ಸರಿ.

ಮರಳಿ ಬಂದವರು

ಮೊದಲ ದಾರಿಯ ನೆನಪು ಈ ಭಾಗದ ಹಿರಿಯರ ಮನೆಗಳಲ್ಲಿಯೇ ಇದೆ. ಇಂದಿನ ಯಾದಗಿರಿ ಜಿಲ್ಲೆಯ ಪ್ರದೇಶ ಆಗ ಗುಲಬರ್ಗಾ ಜಿಲ್ಲೆಯಲ್ಲಿ, ನಿಜಾಮನ ಹೈದರಾಬಾದ್ ಸಂಸ್ಥಾನದ ಒಳಗಿತ್ತು. 1947-48ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ ಸಂಸ್ಥಾನದ ಕನ್ನಡ ಜಿಲ್ಲೆಗಳ ಅನೇಕ ಕುಟುಂಬಗಳು ಗಡಿ ದಾಟಿ ಮುಂಬಯಿ ಪ್ರಾಂತದ ಊರುಗಳಲ್ಲಿ ನೆಂಟರ ಮನೆ, ಮಠ, ಶಿಬಿರಗಳನ್ನು ಆಶ್ರಯಿಸಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಹೋರಾಟಗಾರರ ಶಿಬಿರಗಳನ್ನು ನಡೆಸಿದ ಕಾಲವದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ಗಡಿಯಾಚೆ ಹೋಗಿದ್ದವರು ಊರಿಗೆ ಮರಳಿದರು.

ಅದೇ ದಿನಗಳ ಇನ್ನೊಂದು ಪುಟವನ್ನೂ ಮುಚ್ಚಿಡಬಾರದು. ಕಾರ್ಯಾಚರಣೆಯ ಬೆನ್ನಿಗೆ ಈ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಅವರ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ಒಂದು ವರ್ಷ ಒಬ್ಬರು ಮನೆ ಬಿಟ್ಟು ಓಡಿದರೆ ಮರುವರ್ಷ ಪಕ್ಕದ ಮನೆಯವರು ಓಡಿದರು. ನಿರಾಶ್ರಿತ ಎಂಬುದು ಯಾವುದೋ ಒಂದು ಜಾತಿಯ, ಧರ್ಮದ ಹೆಸರಲ್ಲ. ಅದು ಯಾರ ಮೇಲೆ ಬೇಕಾದರೂ ಬಂದೆರಗಬಹುದಾದ ಸ್ಥಿತಿ.

ದೊಡ್ಡ ಪ್ರಮಾಣದಲ್ಲಿ ಜನ ಮರಳಿದ ಉದಾಹರಣೆ 1971ರದು. ಪೂರ್ವ ಪಾಕಿಸ್ತಾನದಲ್ಲಿ ಸೇನೆಯ ದಮನ ಆರಂಭವಾದ ಮೇಲೆ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಆ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶ ಸ್ವತಂತ್ರವಾಯಿತು. ಬಂದವರಲ್ಲಿ ಬಹುಪಾಲು ಜನ ಕೆಲವೇ ತಿಂಗಳುಗಳಲ್ಲಿ ಹಿಂತಿರುಗಿದರು. ಎರಡೂ ಪ್ರಸಂಗಗಳಲ್ಲಿ ಒಂದು ಸಾಮ್ಯವಿದೆ. ಓಡಿಸಿದ ಆಡಳಿತವೇ ಬಿದ್ದುಹೋದದ್ದರಿಂದ ಮರಳುವುದು ಸಾಧ್ಯವಾಯಿತು. ಆ ಆಡಳಿತ ಉಳಿದುಕೊಂಡಲ್ಲಿ 'ನಿಮ್ಮ ಅವಧಿ ಮುಗಿಯಿತು, ಹೊರಡಿ' ಎನ್ನುವ ನೋಟೀಸಿಗೆ ಅರ್ಥವಿರುವುದಿಲ್ಲ.

ಭೂಮಿ ಸಿಕ್ಕಿತು, ಕಾಗದ?

ಸಿಂಧನೂರಿನವರ ಕಥೆ ಎರಡನೆಯ ದಾರಿಯದು. ದೇಶ ವಿಭಜನೆಯ ನಂತರವೂ ಪೂರ್ವ ಪಾಕಿಸ್ತಾನದಿಂದ ಹಿಂದೂ ಕುಟುಂಬಗಳು ಅಲೆ ಅಲೆಯಾಗಿ ಬರುತ್ತಲೇ ಇದ್ದವು. 1950ರ ಗಲಭೆಗಳ ನಂತರ ಒಂದು ದೊಡ್ಡ ಅಲೆ, 1964ರ ಗಲಭೆಗಳ ನಂತರ ಮತ್ತೊಂದು. ಪಶ್ಚಿಮ ಬಂಗಾಳ ತುಂಬಿಹೋದಾಗ ಕೇಂದ್ರ ಸರ್ಕಾರ 1958ರಲ್ಲಿ ದಂಡಕಾರಣ್ಯ ಯೋಜನೆಯನ್ನು ಆರಂಭಿಸಿತು. ರಾಯಪುರದ ಬಳಿಯ ಮಾನಾ ಶಿಬಿರದಂಥ ತಾಣಗಳಿಂದ ನಿರಾಶ್ರಿತರನ್ನು ಬೇರೆ ಬೇರೆ ರಾಜ್ಯಗಳಿಗೆ ಹಂಚಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶವಾದ ಸಿಂಧನೂರಿನ ಪಾಲಿಗೂ ಕೆಲವು ನೂರು ಕುಟುಂಬಗಳು ಬಂದವು. ಅವರಿಗೆ ಮನೆ, ಜಮೀನು ಕೊಡಲಾಯಿತು. ನದಿಯ ಮುಖಜಭೂಮಿಯಲ್ಲಿ ಭತ್ತ, ಮೀನುಗಳೊಡನೆ ಬೆಳೆದ ಜನ ಬಿಸಿಲ ನಾಡಿನ ಎರೆಮಣ್ಣಿಗೆ ಇಳಿದರು.

ಆ ಕಾಲದ ಪೌರತ್ವ ಕಾಯ್ದೆಯಲ್ಲಿ ಅವರಿಗೆ ಒಂದು ಬಾಗಿಲು ತೆರೆದಿತ್ತು. ಅವಿಭಜಿತ ಭಾರತದಲ್ಲಿ ಹುಟ್ಟಿದವರು, ಅಂಥವರ ಮಕ್ಕಳು ಇಲ್ಲಿ ನಿಗದಿತ ಕಾಲ ವಾಸಿಸಿದ್ದರೆ ಅರ್ಜಿ ಕೊಟ್ಟು ಪೌರರಾಗಿ ನೋಂದಾಯಿಸಿಕೊಳ್ಳಬಹುದಿತ್ತು. ಆ ಕಾಗದ ಮಾಡಿಸಿಕೊಂಡವರು ನಿಶ್ಚಿಂತರಾದರು. 'ಸರ್ಕಾರವೇ ಕರೆತಂದು ಹೊಲ ಕೊಟ್ಟಿದೆ, ಇನ್ನೇನು ಬೇಕು' ಎಂದುಕೊಂಡವರಿಗೆ ಅದು ತಪ್ಪಿಹೋಯಿತು. 1971ರ ಮಾರ್ಚ್ 25ರ ನಂತರ ಬಂದವರನ್ನಂತೂ ಸರ್ಕಾರ ಪುನರ್ವಸತಿಗೆ ಅರ್ಹರೆಂದು ಪರಿಗಣಿಸಲಿಲ್ಲ. ಬಂಧುಗಳ ಬೆನ್ನು ಹಿಡಿದು ತಡವಾಗಿ ಬಂದವರಿಗೆ ಹೊಲವೂ ಇಲ್ಲ, ಕಾಗದವೂ ಇಲ್ಲ. 2003ರ ತಿದ್ದುಪಡಿಯು ಸರಿಯಾದ ದಾಖಲೆಯಿಲ್ಲದೆ ಬಂದವರನ್ನು 'ಅಕ್ರಮ ವಲಸಿಗರು' ಎಂದು ಕರೆದು, ಅವರು ಪೌರತ್ವಕ್ಕೆ ಅರ್ಜಿ ಹಾಕುವ ದಾರಿಯನ್ನೇ ಮುಚ್ಚಿತು.

ಇಲ್ಲಿ ಓದುಗರು ಒಂದು ಲೆಕ್ಕವನ್ನು ಗಮನಿಸಬೇಕು. ಭಾರತದಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಇಂದು ಭಾರತೀಯರಾಗುವುದಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಸಾಮಾನ್ಯವಾಗಿ ಜನ್ಮತಃ ಪೌರರು. ಆ ದಿನದಿಂದ 2004ರ ಡಿಸೆಂಬರ್ 3ರೊಳಗೆ ಹುಟ್ಟಿದವರಾದರೆ ತಂದೆ ಅಥವಾ ತಾಯಿ ಒಬ್ಬರಾದರೂ ಪೌರರಾಗಿರಬೇಕು. ಅನಂತರ ಹುಟ್ಟಿದವರಾದರೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಆಚೆ ಹುಟ್ಟಿ ಬಂದವರು, ನೋಂದಣಿ ಮಾಡಿಸಿಕೊಂಡಿಲ್ಲ. 1985ರಲ್ಲಿ ಹುಟ್ಟಿದ ದೊಡ್ಡ ಮಗಳು ಭಾರತೀಯಳು. 1989ರಲ್ಲಿ ಹುಟ್ಟಿದ ತಮ್ಮ ಅಲ್ಲ. ಒಂದೇ ಒಲೆಯ ಅನ್ನ ಉಂಡವರು, ಒಂದೇ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದವರು. ನಡುವೆ ಇರುವುದು ಒಂದು ತಾರೀಖು ಮಾತ್ರ.

ಪಡಿತರ ಚೀಟಿ ಇದೆಯಲ್ಲ, ಆಧಾರ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಆಧಾರ್ ಸಂಖ್ಯೆಯು ಪೌರತ್ವಕ್ಕೆ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಪೌರತ್ವದ ಪ್ರಶ್ನೆ ತೀರಿದವರಿಗೂ ಇನ್ನೊಂದು ತೊಡಕಿದೆ. ನಾಮಶೂದ್ರ ಸಮುದಾಯ ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ, ಕರ್ನಾಟಕದ ಪಟ್ಟಿಯಲ್ಲಿಲ್ಲ. ಗಡಿ ದಾಟಿದಾಗ ಕಳೆದುಹೋದದ್ದು ದೇಶವೊಂದೇ ಅಲ್ಲ.

2019ರ ಡಿಸೆಂಬರ್‌ನಲ್ಲಿ ಸಂಸತ್ತು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಅಂಗೀಕರಿಸಿತು. ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರೆಂದು ಪರಿಗಣಿಸದೆ ಪೌರತ್ವ ಕೊಡಲು ಇದು ಅವಕಾಶ ಮಾಡಿತು. ದೇಶೀಕರಣದಿಂದ ಪೌರತ್ವ ಪಡೆಯಲು ಬೇಕಾದ ಹನ್ನೊಂದು ವರ್ಷಗಳ ವಾಸ ಇವರಿಗೆ ಐದು ವರ್ಷಕ್ಕೆ ಇಳಿಯಿತು. ಅರ್ಜಿಯನ್ನು ಮೊದಲು ಪರಿಶೀಲಿಸುವ ಜಿಲ್ಲಾ ಸಮಿತಿಯ ಮುಖ್ಯಸ್ಥರು ತಹಶೀಲ್ದಾರರೂ ಅಲ್ಲ, ಪೊಲೀಸರೂ ಅಲ್ಲ, ಅಂಚೆ ಇಲಾಖೆಯ ಸೂಪರಿಂಟೆಂಡೆಂಟರು. 2024ರ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಈ ಕಾಯ್ದೆಯಡಿ ಪೌರತ್ವ ದೊರೆತ ಸುದ್ದಿ ಬಂತು. ಕರ್ನಾಟಕದಲ್ಲಿ ಅವರೇ ಮೊದಲಿಗರೆಂದು ವರದಿಯಾಯಿತು.

ಈ ಕಾಯ್ದೆ ಧರ್ಮವನ್ನು ಅಳತೆಗೋಲಾಗಿ ಮಾಡಿದ್ದನ್ನು ಅನೇಕರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಶ್ರೀಲಂಕಾದ ತಮಿಳರಿಗೆ, ಟಿಬೆಟ್ಟಿನವರಿಗೆ, ಮ್ಯಾನ್ಮಾರಿನ ರೋಹಿಂಗ್ಯಾಗಳಿಗೆ ಇದರಲ್ಲಿ ಜಾಗವಿಲ್ಲ. ಅರ್ಜಿ ಹಾಕುವವರಿಗೂ ಒಂದು ಅಳುಕು ಇದ್ದೇ ಇದೆ. ಇಷ್ಟು ವರ್ಷ ಇಲ್ಲಿಯವನಂತೆ ಬದುಕಿದವನು ಭಾರತೀಯನಾಗಬೇಕಾದರೆ ಮೊದಲು 'ನಾನು ಹೊರಗಿನವನು' ಎಂದು ಬರೆದುಕೊಡಬೇಕು. ಅರ್ಜಿ ತಿರಸ್ಕೃತವಾದರೆ ಆ ಬರಹ ಸರ್ಕಾರದ ಕೈಯಲ್ಲಿ ಉಳಿಯುತ್ತದೆ.

ಇದಕ್ಕೆ ಹೋಲಿಸಿದರೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಿಗೆ ಶ್ರೀಲಂಕಾದಿಂದ ಬಂದ ತಮಿಳು ಕಾರ್ಮಿಕರ ದಾರಿ ಸ್ಪಷ್ಟವಾಗಿತ್ತು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಪೌರರಾಗಿ ಸ್ವೀಕರಿಸಲು ಭಾರತ ಒಪ್ಪಿತು. ಅವರು ಹೊರಡುವ ಮೊದಲೇ ಪೌರತ್ವದ ಪ್ರಶ್ನೆ ಇತ್ಯರ್ಥವಾಗಿತ್ತು. ಎರಡು ಸರ್ಕಾರಗಳು ಕುಳಿತು ಮಾತನಾಡಿದರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ. ಕಾರ್ಮಿಕರನ್ನು ಕೇಳದೆಯೇ ಅವರನ್ನು ಹಂಚಿಕೊಂಡರು ಎಂಬ ಟೀಕೆಯೂ ಇದರ ಜೊತೆಗಿದೆ.

ಮೊಹರಿನ ಮೇಲೆ ಮೊಹರು

ಕಾಯುವ ದಾರಿಯ ದೊಡ್ಡ ಉದಾಹರಣೆ ನಮ್ಮ ಟಿಬೆಟನ್ ವಸತಿಗಳು. 1959ರಲ್ಲಿ ದಲೈ ಲಾಮಾ ಅವರೊಡನೆ ಮತ್ತು ಅವರ ಹಿಂದೆ ಸಾವಿರಾರು ಜನ ಬಂದಾಗ ಎಸ್. ನಿಜಲಿಂಗಪ್ಪನವರು ಅಂದಿನ ಮೈಸೂರು ರಾಜ್ಯದಲ್ಲಿ ನೆಲ ಕೊಡಲು ಮುಂದಾದರು. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿ ವಸತಿಗಳು ಎದ್ದವು. ಟಿಬೆಟನ್ನರ ಬಳಿ ವಿದೇಶಿಯರ ನೋಂದಣಿ ಪತ್ರವಿರುತ್ತದೆ. ಅದನ್ನು ಅವಧಿಗೊಮ್ಮೆ ನವೀಕರಿಸಬೇಕು. ಇಲ್ಲಿಯೇ ಹುಟ್ಟಿ, ಕನ್ನಡದಲ್ಲಿ ಚೌಕಾಸಿ ಮಾಡಿ ಮೆಕ್ಕೆಜೋಳ ಮಾರುವವನೂ ಕಡತದಲ್ಲಿ ವಿದೇಶಿಯನೇ.

1987ಕ್ಕೆ ಮುಂಚೆ ಹುಟ್ಟಿದ ಟಿಬೆಟನ್ನರೂ ಜನ್ಮತಃ ಪೌರರೆಂದು ದೆಹಲಿ ಹೈಕೋರ್ಟು 2010ರಲ್ಲಿ, ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದವು. ಆದರೆ 2017ರಲ್ಲಿ ಭಾರತದ ಪಾಸ್‌ಪೋರ್ಟ್ ಬೇಕೆನ್ನುವವರಿಗೆ ನೋಂದಣಿ ಪತ್ರ ಹಿಂತಿರುಗಿಸಬೇಕು, ನಿರಾಶ್ರಿತರ ವಸತಿಯಲ್ಲಿ ಇರಬಾರದು ಎಂಬ ಷರತ್ತುಗಳು ಬಂದವು. ಪೌರನಾಗಲು ಮನೆ ಬಿಡಬೇಕು, ಮನೆಯಲ್ಲಿರಲು ವಿದೇಶಿಯಾಗಿರಬೇಕು! ಹಿರಿಯರು ಅನೇಕರು ಬೇರೆ ಕಾರಣಕ್ಕೆ ಹಿಂಜರಿಯುತ್ತಾರೆ. ಪೌರತ್ವ ಪಡೆದರೆ ಟಿಬೆಟ್ಟಿನ ಮೇಲಿನ ಹಕ್ಕನ್ನೇ ಬಿಟ್ಟುಕೊಟ್ಟಂತೆ ಎಂಬ ಭಾವನೆ ಅವರದು. ಕಿರಿಯರು ಮೂರನೆಯ ದಾರಿ ಹಿಡಿದಿದ್ದಾರೆ. 1960ರ ದಶಕದಲ್ಲಿ ಸ್ವಿಟ್ಜರ್‌ಲೆಂಡ್ ಟಿಬೆಟನ್ನರನ್ನು ಕರೆಸಿಕೊಂಡಿತ್ತು. 1990ರ ಕಾನೂನಿನಲ್ಲಿ ಅಮೆರಿಕ ಭಾರತ, ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಮೀಸಲಿಟ್ಟಿತು. ಅಂದಿನಿಂದ ಆ ಹರಿವು ನಿಂತಿಲ್ಲ.

ಹೊರನಾಡಿನ ಮಾತು

ಇದೇ ಪ್ರಶ್ನೆ ಈಗ ಹೊರದೇಶಗಳ ಮುಂದೆ ಬೇರೆ ಹೆಸರಿನಲ್ಲಿ ನಿಂತಿದೆ. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಾಳಿ ಮಾಡಿದಾಗ ವೈದ್ಯಕೀಯ ಓದಲು ಹೋಗಿದ್ದ ಕನ್ನಡದ ಮಕ್ಕಳು ಮನೆಗೆ ಮರಳಿದರು. ಯುಕ್ರೇನಿನವರು ಹೋದದ್ದು ನೆರೆದೇಶಗಳಿಗೆ. 2001ರಲ್ಲಿ ಮಾಡಿಟ್ಟು ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಯುರೋಪಿನ ಒಕ್ಕೂಟ 2022ರ ಮಾರ್ಚ್ 4ರಂದು ಜಾರಿಗೆ ತಂದಿತು. ಅವಧಿಯನ್ನು ವಿಸ್ತರಿಸುತ್ತ 2027ರ ಮಾರ್ಚ್ 4ರವರೆಗೆ ತಂದು, ಅದರೊಳಗೆ ಉದ್ಯೋಗ, ಓದು, ಕುಟುಂಬದ ಆಧಾರದ ಸಾಮಾನ್ಯ ಪರವಾನಗಿಗಳಿಗೆ ಜನರನ್ನು ದಾಟಿಸುವಂತೆ 2025ರಲ್ಲಿ ಸದಸ್ಯ ದೇಶಗಳಿಗೆ ಸೂಚಿಸಿತು. ಅಮೆರಿಕದಲ್ಲಿ 1990ರಿಂದ ಇರುವ ತಾತ್ಕಾಲಿಕ ರಕ್ಷಣೆ ತಾನಾಗಿ ಕಾಯಂ ವಾಸಕ್ಕೆ ಒಯ್ಯುವುದಿಲ್ಲ. ಸೋಮಾಲಿಯಾದವರಿಗೆ 1991ರಲ್ಲಿ ಕೊಟ್ಟದ್ದು ಮೂವತ್ತು ವರ್ಷ ಮೀರಿ ನವೀಕರಣವಾಗುತ್ತ ಬಂತು, ಆದರೂ ಪ್ರತಿ ಬಾರಿ ಅದು ತಾತ್ಕಾಲಿಕವೇ ಆಗಿತ್ತು. ಕಾಯಂ ಆಗಬೇಕಾದರೆ ಆಶ್ರಯದ ಅರ್ಜಿ, ಹತ್ತಿರದ ಬಂಧು, ಇಲ್ಲವೇ ಉದ್ಯೋಗದಾತ, ಇವುಗಳಲ್ಲೊಂದು ಬೇಕು. ಆಶ್ರಯದ ಅರ್ಜಿಯನ್ನು ಸಾಮಾನ್ಯವಾಗಿ ಬಂದ ಒಂದು ವರ್ಷದೊಳಗೆ ಸಲ್ಲಿಸಬೇಕು.

ನಮ್ಮಲ್ಲಿಯೂ ಹೀಗೆ ಸಿಕ್ಕಿಕೊಂಡವರಿದ್ದರು. 2021ರ ಆಗಸ್ಟ್‌ನಲ್ಲಿ ಕಾಬೂಲು ತಾಲಿಬಾನ್ ವಶವಾದಾಗ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ವೀಸಾದ ತಾರೀಖು ಎಣಿಸುತ್ತ ಕುಳಿತರು. ಓದು ಮುಗಿದರೆ ವೀಸಾ ಮುಗಿಯುತ್ತದೆ, ಮರಳಿದರೆ ಏನು ಕಾದಿದೆಯೋ ತಿಳಿಯದು. ಇಂಥವರಿಗೆ ಇರುವ ದಾರಿಗಳು ಕೆಲವೇ: ವೀಸಾ ವಿಸ್ತರಣೆ, ಮುಂದಿನ ಓದಿಗೆ ಪ್ರವೇಶ, ದೆಹಲಿಯ ಹೈಕಮಿಷನರ್ ಕಚೇರಿಯಲ್ಲಿ ನೋಂದಣಿ, ಕಿರುಕುಳದ ಭೀತಿ ಸಕಾರಣವೆಂದು ಕೇಂದ್ರ ಗೃಹ ಸಚಿವಾಲಯಕ್ಕೆ ಮನವರಿಕೆಯಾದರೆ ದೀರ್ಘಾವಧಿ ವೀಸಾ. 2011ರ ಕಾರ್ಯವಿಧಾನದಂತೆ ದೀರ್ಘಾವಧಿ ವೀಸಾ ಪಡೆದವರು ಖಾಸಗಿ ಕೆಲಸ ಮಾಡಬಹುದು, ಓದಬಹುದು.

2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶಿಯರ ಕಾಯ್ದೆಯ ಸ್ಥಾನದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಅದರ ಜೊತೆಗೇ ಬಂದ ಆದೇಶವೊಂದು ನೋಂದಾಯಿತ ಟಿಬೆಟನ್ನರಿಗೆ, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ, ಮೂರು ನೆರೆದೇಶಗಳಿಂದ 2024ರ ಅಂತ್ಯದೊಳಗೆ ಬಂದ ಆರು ಅಲ್ಪಸಂಖ್ಯಾತ ಸಮುದಾಯಗಳವರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲವೆಂಬ ಕಾರಣದ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿದೆ. ಆದರೆ ವಿನಾಯಿತಿ ಪೌರತ್ವವಲ್ಲ. ಹೊರಹಾಕುವುದಿಲ್ಲ ಎನ್ನುವುದಕ್ಕೂ ನಿಮ್ಮವರೆನ್ನುವುದಕ್ಕೂ ಅಂತರವಿದೆ.

ನ್ಯಾಯಾಲಯಗಳು ಏನೆನ್ನುತ್ತವೆ? ಸಂವಿಧಾನದ 21ನೆಯ ವಿಧಿಯ ಜೀವದ ಹಕ್ಕು ಪೌರರಲ್ಲದವರಿಗೂ ಉಂಟು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಅರುಣಾಚಲದ ಚಕ್ಮಾಗಳ ಮೊಕದ್ದಮೆಯಲ್ಲಿ ಹೇಳಿತು. ಆದರೆ ದೇಶದಲ್ಲಿ ನೆಲೆಸುವ ಹಕ್ಕು ಪೌರರಿಗೆ ಮಾತ್ರ ಎಂದು 2021ರಲ್ಲಿ ರೋಹಿಂಗ್ಯಾಗಳ ಪ್ರಕರಣದ ಆದೇಶದಲ್ಲಿ ನೆನಪಿಸಿತು. ಜೀವ ಕಾಯುತ್ತೇವೆ, ನೆಲೆಯ ಮಾತು ಸರ್ಕಾರದ್ದು ಎಂಬುದು ಇದರ ಸಾರ.

ಈ ಎಲ್ಲ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ನಿರಾಶ್ರಿತನ ಭವಿಷ್ಯವನ್ನು ತೀರ್ಮಾನಿಸುವುದು ಅವನು ಪಟ್ಟ ಪಾಡಲ್ಲ. ಎಂದು ಬಂದ, ಎಲ್ಲಿಂದ ಬಂದ, ಯಾವ ಕಾಗದ ಕೈಯಲ್ಲಿದೆ ಎಂಬ ಮೂರು ಸಂಗತಿಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ. ಓಡಿಬರುವವನು ಮೊದಲು ಬಿಟ್ಟುಬರುವುದು ಕಾಗದವನ್ನೇ. ಆದ್ದರಿಂದ ಬಂದವರು ಹಳೆಯ ಶಿಬಿರದ ಚೀಟಿ, ಶಾಲೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರಗಳನ್ನು ಜೋಪಾನ ಮಾಡಬೇಕು, ಅವಧಿ ಮುಗಿಯುವ ಮೊದಲೇ ಮುಂದಿನ ದಾರಿಗೆ ಅರ್ಜಿ ಹಾಕಬೇಕು. ಇದು ಅವರು ಮಾಡಬಹುದಾದದ್ದು. ತಾತ್ಕಾಲಿಕ ಎಂಬುದಕ್ಕೆ ಒಂದು ಮಿತಿ ಹಾಕುವುದು, ಇಂತಿಷ್ಟು ವರ್ಷ ಇದ್ದವರ ಪ್ರಶ್ನೆಯನ್ನು ಇತ್ಯರ್ಥ ಮಾಡುವುದು ಸರ್ಕಾರದ ಕೆಲಸ. ಒಂದು ತಲೆಮಾರು ದುಡಿದು, ಕಂದಾಯ ಕಟ್ಟಿ, ಸತ್ತವರನ್ನು ಈ ಮಣ್ಣಿಗೇ ಒಪ್ಪಿಸಿದವರಿಗೆ 'ಸದ್ಯಕ್ಕೆ ಇರಿ' ಎನ್ನುತ್ತಲೇ ಇರುವುದು ಆಶ್ರಯ ಕೊಟ್ಟವರ ಗೌರವಕ್ಕೂ ಒಪ್ಪುವ ಮಾತಲ್ಲ.

ಸಿಂಧನೂರಿನ ಹುಡುಗನೊಬ್ಬನನ್ನು ಯಾವ ಊರಪ್ಪ ಎಂದು ಕೇಳಿದರೆ ಅವನು ಕ್ಯಾಂಪಿನ ಅಂಕಿಯನ್ನು ಹೇಳುತ್ತಾನೆ. ಅವನ ಅಜ್ಜನಿಗೆ ಅದು ಇಳಿದುಕೊಂಡ ಜಾಗ. ಅವನಿಗೆ ಅದು ಊರು. ಅದನ್ನು ಊರೆಂದು ಒಪ್ಪಿಕೊಳ್ಳುವುದು ಇನ್ನು ಕಡತಕ್ಕೆ ಬಿಟ್ಟದ್ದು.